ಆಪತ್ತಿಗೆ ಆಗುವ ರೇಡಿಯೊ



2019ರ ಆಗಸ್ಟ್ ತಿಂಗಳು ನೆನಪಿದೆಯೇ? ವರದಾ ನದಿ ತುಂಬಿ ಬಂತು. ನಮ್ಮ ಹಾವೇರಿ ಜಿಲ್ಲೆಯ ಹಳ್ಳಿಗಳಿಗೆ ನೀರು ನುಗ್ಗಿತು. ಇಂಥ ಹೊತ್ತಿನಲ್ಲಿ ಕರೆಂಟು ಹೋಗಬಹುದು. ಮೊಬೈಲ್ ಟವರ್ ನಿಂತು ಹೋಗಬಹುದು. ಆಗ "ನಾವು ಇಲ್ಲಿ ಸಿಕ್ಕೊಂಡೀವಿ, ದೋಣಿ ಕಳಿಸ್ರಿ" ಎಂದು ಹೇಳುವುದು ಹೇಗೆ?

ಅದಕ್ಕೆ ಒಂದು ದಾರಿ ಹ್ಯಾಮ್ ರೇಡಿಯೊ.

ನಮ್ಮ ಮನೆಯ ರೇಡಿಯೊದಲ್ಲಿ ಬರೀ ಕೇಳುತ್ತೇವೆ. ಹ್ಯಾಮ್ ರೇಡಿಯೊದಲ್ಲಿ ಕೇಳಬಹುದು, ಮಾತಾಡಲೂಬಹುದು. ಇದಕ್ಕೆ ಮೊಬೈಲ್ ಟವರ್ ಬೇಡ. ಒಂದು ಸೆಟ್, ಒಂದು ಬ್ಯಾಟರಿ, ಏರಿಯಲ್‌ಗೆ ಒಂದು ಉದ್ದ ತಂತಿ ಇದ್ದರೆ ಸಾಕು. ಇದನ್ನು ಹವ್ಯಾಸಕ್ಕೆ ಕಲಿತವರನ್ನು 'ಹ್ಯಾಮ್' ಎನ್ನುತ್ತಾರೆ.

ಹ್ಯಾಮ್‌ಗಳು ರಜೆಯ ದಿನ ಗುಂಪಾಗಿ ಉದ್ಯಾನಕ್ಕೋ ಬಯಲಿಗೋ ಹೋಗುತ್ತಾರೆ. ಯಾಕೆ? ಅಭ್ಯಾಸ ಮಾಡಲಿಕ್ಕೆ. ಬಾಯಾರಿದಾಗ ಬಾವಿ ತೋಡಿದರೆ ಆದೀತೇ?

ಅಭ್ಯಾಸ ಹೇಗೆ? ಒಬ್ಬರು ಬ್ಯಾಡಗಿಯಲ್ಲಿ, ಇನ್ನೊಬ್ಬರು ರಾಣೇಬೆನ್ನೂರಿನಲ್ಲಿ ಇದ್ದಾರೆ ಎಂದುಕೊಳ್ಳೋಣ. ಮೊದಲು ಮರದಿಂದ ಮರಕ್ಕೆ ತಂತಿ ಕಟ್ಟಬೇಕು. ಕರೆಂಟಿನ ತಂತಿ ಹತ್ತಿರ ಇರಬಾರದು. ಗುಡುಗು ಸಿಡಿಲು ಬಂದರೆ ಕೆಲಸ ನಿಲ್ಲಿಸಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಬೇಕು. ಮಾತು ಮುಗಿದಾಗ "ಓವರ್" ಎನ್ನಬೇಕು.

ಬ್ಯಾಡಗಿಯವರು ಹೇಳುತ್ತಾರೆ: "12 ಜನ ಇದ್ದೇವೆ. ಒಬ್ಬ ಗರ್ಭಿಣಿ ಇದ್ದಾಳೆ. ಓವರ್."

ರಾಣೇಬೆನ್ನೂರಿನವರು ಅದನ್ನು ವಹಿಯಲ್ಲಿ ಬರೆದುಕೊಳ್ಳುತ್ತಾರೆ. ಬರೆದದ್ದನ್ನು ತಿರುಗಿ ಓದಿ ಹೇಳುತ್ತಾರೆ. ಸರಿ ಎಂದ ಮೇಲೆ ಹಾವೇರಿಗೆ ಸುದ್ದಿ ಮುಟ್ಟಿಸುತ್ತಾರೆ. 12ರ ಬದಲು 2 ಎಂದು ಬರೆದರೆ ಏನಾದೀತು? ಸಣ್ಣ ದೋಣಿ ಬಂದೀತು. ಹತ್ತು ಜನ ನೀರಿನಲ್ಲೇ ಉಳಿದಾರು. ಓದು ಬರಹದ ಬೆಲೆ ಇಲ್ಲಿ ತಿಳಿಯುತ್ತದೆ.

2004ರಲ್ಲಿ ಭಾರತಿ ಪ್ರಸಾದ್ ಎಂಬ ಹೆಣ್ಣುಮಗಳು ಅಂಡಮಾನ್ ದ್ವೀಪಕ್ಕೆ ಹೋಗಿದ್ದರು. ಅವರೂ ಹ್ಯಾಮ್. ದೂರ ದೇಶದ ಹ್ಯಾಮ್‌ಗಳ ಜೊತೆ ಮಾತಾಡುವ ಹವ್ಯಾಸಕ್ಕೆ ಸೆಟ್ ಒಯ್ದಿದ್ದರು. ಡಿಸೆಂಬರ್ 26ರಂದು ಭೂಕಂಪವಾಯಿತು. ಸುನಾಮಿ ಬಂತು. ಫೋನುಗಳು ಸತ್ತವು. ಆಗ ಭಾರತಿಯವರ ರೇಡಿಯೊ ಮಾತಾಡಿತು. ಬದುಕಿದವರ ಸುದ್ದಿ ಅವರ ಮನೆಯವರಿಗೆ ಮುಟ್ಟಿತು. ಹವ್ಯಾಸಕ್ಕೆ ಒಯ್ದ ಸೆಟ್ಟು ಆಪತ್ತಿಗೆ ಆಯಿತು.

ಹ್ಯಾಮ್ ಆಗಲು ಹೆಣ್ಣು ಗಂಡು ಎಂಬ ಭೇದವಿಲ್ಲ. 12 ವರ್ಷ ತುಂಬಿರಬೇಕು. ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಬೇಕು. ಲೈಸೆನ್ಸ್ ಇಲ್ಲದೆ ಮಾತಾಡುವುದು ಅಪರಾಧ. ಇದರಲ್ಲಿ ವ್ಯಾಪಾರವೂ ಸಲ್ಲದು. ಬ್ಯಾಡಗಿ ಮೆಣಸಿನಕಾಯಿಯ ರೇಟು ಕುದುರಿಸುವ ಹಾಗಿಲ್ಲ!

ನಿಮ್ಮ ಮಗಳು ಹೈಸ್ಕೂಲಿನಲ್ಲಿ ಇದ್ದಾಳೆಯೇ? ಈ ಪಾಠವನ್ನು ಅವಳಿಗೆ ಓದಿ ಹೇಳಿರಿ. ನಾಳೆ ನಮ್ಮೂರಿನ ಸುದ್ದಿ ಮುಟ್ಟಿಸುವವಳು ಅವಳೇ ಆಗಬಹುದು.

ಹೇಳಿರಿ, ಬರೆಯಿರಿ
1. ಹ್ಯಾಮ್ ರೇಡಿಯೊಗೆ ಏನೇನು ಬೇಕು?
2. ಕೇಳಿದ ಸುದ್ದಿಯನ್ನು ತಿರುಗಿ ಓದಿ ಹೇಳುವುದು ಯಾಕೆ?
3. ಒಬ್ಬರು ಒಂದು ಸುದ್ದಿ ಹೇಳಿರಿ. ಇನ್ನೊಬ್ಬರು ಬರೆದು, ತಿರುಗಿ ಓದಿರಿ. ಅಂಕಿ ಸರಿ ಇದೆಯೇ ನೋಡಿರಿ.