ಪಿ1260 ಕಂಡರೆ ಸ್ಪ್ಯಾನರ್ ಕೆಳಗಿಡು

ಸ್ಕ್ಯಾನರಿನಲ್ಲಿ ಪಿ1260 ಕಂಡ ಕೂಡಲೇ ಗಿರಾಕಿಗೆ ಫೋನ್ ಮಾಡಿ "ಇಸಿಎಂ, ಅಂದರೆ ಎಂಜಿನ್ ಕಂಪ್ಯೂಟರ್, ಹೋಗಿದೆ ಸಾರ್" ಅಂದುಬಿಡಬೇಡ ಮಾರಾಯ. ಹಳೆಯ ಫೋರ್ಡ್ ಗಾಡಿಗಳಲ್ಲಿ ಆ ಕೋಡ್ ಹೇಳುವುದು ಇಷ್ಟೇ: ಕಳ್ಳತನದ ಗುಮಾನಿ ಬಂತು, ಎಂಜಿನ್ ತಡೆದಿದ್ದೇನೆ. ಗುಮಾನಿ ಯಾಕೆ ಬಂತು ಅನ್ನುವುದು ಬೇರೆ ಕಡೆ ಬರೆದಿರುತ್ತದೆ, ಎಷ್ಟೋ ಮಾಡೆಲ್‌ಗಳಲ್ಲಿ ಮೀಟರ್ ಬೋರ್ಡಿನೊಳಗೆ. ಅಗ್ಗದ ಸ್ಕ್ಯಾನರ್ ಎಂಜಿನ್ ಕಂಪ್ಯೂಟರ್ ಓದಿ ಸುಮ್ಮನಾಗುತ್ತದೆ. ಕಾರಣ ಹೇಳುವ 'ಬಿ' ಅಕ್ಷರದ ಕೋಡ್‌ಗಳ ತನಕ ಹೋಗುವುದೇ ಇಲ್ಲ.

ಬಾನೆಟ್ ಎತ್ತುವ ಮೊದಲು ಕೇಳು: ಈಚೆಗೆ ಏನೇನು ಬದಲಿಸಿದಿರಿ? ಹೊಸದೋ, ಗುಜರಿಯದೋ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಗುಜರಿ ಇಸಿಎಂ ತನ್ನ ಹಳೆಯ ಗಾಡಿಯ ಗುರುತನ್ನು ಹೊತ್ತುಕೊಂಡೇ ಬಂದಿರುತ್ತದೆ. ಈ ಮೀಟರ್ ಬೋರ್ಡಿಗೆ ಅದರ ಪರಿಚಯವಿಲ್ಲ, ಬಿ2139 ಬೀಳುತ್ತದೆ. ಆಗ ಬೇಕಾದದ್ದು ಎರಡನ್ನೂ ಹೊಂದಿಸುವ ಪ್ಯಾರಾಮೀಟರ್ ರೀಸೆಟ್. ನಮ್ಮ ಹುಡುಗರು ಮಾಡುವುದೇನು? ಇನ್ನೊಂದು ಇಸಿಎಂ ತಂದು ಹಾಕುತ್ತಾರೆ. ಬ್ಯಾಂಕಿನಲ್ಲಿ ಸಹಿ ತಾಳೆಯಾಗಲಿಲ್ಲವೆಂದು ಪೆನ್ನು ಬದಲಿಸಿದರೆ ಏನು ಬಂತು? ಹಾಗೇ, ಬಿಚ್ಚಿದ ಹಳೆಯ ಭಾಗವನ್ನು ಗಾಡಿ ಹೊರಡುವ ತನಕ ಯಾರಿಗೂ ಕೊಡಬೇಡ. ಅದನ್ನು ಮತ್ತೆ ಕೂರಿಸಿದಾಗ ಬಿ2139 ಮರುಕಳಿಸದಿದ್ದರೆ, ತಕರಾರು ಎಲ್ಲಿದೆಯೆಂದು ಗೊತ್ತಾದಂತೆ.

ಬಿ1600 ಬಂದರೆ ಕೀಲಿಯ ಕಡೆ ನೋಡು. ಕೀಲಿಯ ತಲೆಯೊಳಗೆ ಬ್ಯಾಟರಿಯೇ ಬೇಡದ ಪುಟ್ಟ ಚಿಪ್ ಇದೆ. ಇಗ್ನಿಷನ್ ಬೀಗದ ಸುತ್ತಲಿನ ತಂತಿಯ ಬಳೆ ಅದಕ್ಕೆ ಶಕ್ತಿ ಕೊಟ್ಟು ಗುರುತು ಓದುತ್ತದೆ. ರಸ್ತೆಬದಿಯಲ್ಲಿ ಚಂದದ ಹೊಸ ಕವಚ ಹಾಕಿಸಿಕೊಂಡವರ ಚಿಪ್ ಹಳೆಯ ಕವಚದೊಳಗೇ ಉಳಿದಿರುವುದುಂಟು. ರಿಮೋಟಿನಿಂದ ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಸ್ಟೀರಿಂಗ್ ಕವರ್ ಬಿಚ್ಚಿದವರು ಆ ಬಳೆಯ ಸಾಕೆಟ್ ಕೂರಿಸಲು ಮರೆತಿರಬಹುದು, ಅದನ್ನೂ ಮುಟ್ಟಿ ನೋಡು. ಬಿ1601 ಆದರೆ ಚಿಪ್ ಮಾತಾಡುತ್ತಿದೆ, ಗಾಡಿಗೆ ಮಾತ್ರ ಅದು ಗೊತ್ತಿಲ್ಲ.

ಮೀಟರ್ ಬೋರ್ಡ್ ಬದಲಿಸಿದ್ದರೆ ಕಿಲೋಮೀಟರ್ ಲೆಕ್ಕವೂ ಬದಲಾಗಿರಬಹುದು. ಹಳೆಯ ಅಂಕಿಯನ್ನು ಬಿಲ್ಲಿನ ಮೇಲೆ ಬರೆದುಕೊಡು, ಇಲ್ಲದಿದ್ದರೆ ನಾಳೆ ಗಾಡಿ ಮಾರುವಾಗ ನಿನ್ನ ಹೆಸರು ಎಳೆಯುತ್ತಾರೆ. ಗಾಡಿಗೆ ಹೊಸ ಕೀಲಿ ಕಲಿಸುವ ಕೆಲಸಕ್ಕಂತೂ ಆರ್‌ಸಿ ನೋಡದೆ ಕೈಹಾಕಬೇಡ. ಎಂಜಿನ್ ತಡೆಯುವ ಈ ಇಮ್ಮೊಬಿಲೈಸರನ್ನೇ ಅಡ್ಡದಾರಿಯಲ್ಲಿ ತಪ್ಪಿಸಿಕೊಡು ಅಂತ ಬರುವವರಿಗೆ ಬಾಗಿಲು ತೋರಿಸು.

ಕೀಲಿ ಕಲಿಸಲು ಕೂತಾಗ, ಕೆಲವು ಮಾಡೆಲ್‌ಗಳಲ್ಲಿ ಸ್ಕ್ಯಾನರಿಗೆ ಒಳಗೆ ಪ್ರವೇಶ ಸಿಗಲಿಕ್ಕೇ ಇಗ್ನಿಷನ್ ಆನ್ ಮಾಡಿಕೊಂಡು ಸುಮಾರು 10 ನಿಮಿಷ ಕಾಯಬೇಕು. ನಡುವೆ ಬ್ಯಾಟರಿ ಕುಸಿದರೆ ಮತ್ತೆ ಮೊದಲಿಂದ. ಚಾರ್ಜರ್ ಹಾಕಿಟ್ಟೇ ಶುರುಮಾಡು. ಹಳೆಯ ಕೀಲಿಗಳ ಗುರುತು ಅಳಿಸಿದ ಮೇಲೆ ಎರಡು ಕೀಲಿ ಕಲಿಸದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಬಿ1213 ಅಂದರೆ ಅದೇ. ಮನೆಯ ಬೀರುವಿನಲ್ಲಿರುವ ಎರಡನೆಯ ಕೀಲಿ ತರಲು ಗಿರಾಕಿಗೆ ಬೆಳಿಗ್ಗೆಯೇ ಹೇಳಿಬಿಡು.