ದೂರವಾಣಿ ಸಂಖ್ಯೆ, ಸಂದೇಶ ಮತ್ತು ಇ-ಮೇಲ್: ಮಿತವ್ಯಯದ ಹಾಗೂ ಗೋಪ್ಯ ನಿರ್ವಹಣೆ

(ಗ್ರಾಮ ಪಂಚಾಯಿತಿ ಅಧಿಕಾರಿಗಳು, ಸಿಬ್ಬಂದಿ ಹಾಗೂ ಚುನಾಯಿತ ಪ್ರತಿನಿಧಿಗಳ ಅಧ್ಯಯನಕ್ಕಾಗಿ)



ಈ ಅಧ್ಯಯನ ಲೇಖನವನ್ನು ನನ್ನಿಂದಲೇ ಆದ ಒಂದು ಲೋಪದಿಂದ ಆರಂಭಿಸುವುದು ನ್ಯಾಯವೆಂದು ಭಾವಿಸುತ್ತೇನೆ. ಗುಬ್ಬಿ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರಲ್ಲಿ ಕರ್ತವ್ಯ ನಿರ್ವಹಿಸುತ್ತಿದ್ದಾಗ, ಗ್ರಾಮಸಭೆಯ ಹಿಂದಿನ ರಾತ್ರಿ ಬಟವಾಡಿಯ ನನ್ನ ಬಾಡಿಗೆ ಮನೆಯಲ್ಲಿ ಕುಳಿತು ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯನ್ನು ಸಿದ್ಧಪಡಿಸಿ, ಪಂಚಾಯಿತಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿ ಮಲಗಿದೆ. ಹೆಸರು, ಗ್ರಾಮ, ಮಂಜೂರಾದ ಮೊತ್ತ ಇವಿಷ್ಟೇ ಇರಬೇಕಾಗಿದ್ದ ಪಟ್ಟಿಯಲ್ಲಿ ಮೊಬೈಲ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆ ಸಂಖ್ಯೆಯ ಕಾಲಂಗಳೂ ಹಾಗೆಯೇ ಉಳಿದಿದ್ದವು. ಗುಂಪಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿ ಯಾರೆಂಬುದು ನನಗೇ ತಿಳಿದಿರಲಿಲ್ಲ. ಬೆಳಿಗ್ಗೆ ಎದ್ದೊಡನೆ ಅಳಿಸಿಹಾಕಿದೆ. ಆದರೆ ಅಳಿಸುವ ಮುನ್ನವೇ ಪಟ್ಟಿ ಬೇರೆ ಗುಂಪುಗಳಿಗೆ ಹೋಗಿತ್ತು.

ವಾರ ಕಳೆಯುವಷ್ಟರಲ್ಲಿ ಪಟ್ಟಿಯಲ್ಲಿದ್ದ ಮಹಿಳೆಯೊಬ್ಬರಿಗೆ ಕರೆ ಬಂದಿತು. ಕರೆ ಮಾಡಿದವನಿಗೆ ಅವರ ಹೆಸರು, ಮಂಜೂರಾದ ಮೊತ್ತ, ಖಾತೆಯ ಕೊನೆಯ ನಾಲ್ಕು ಅಂಕಿ ಎಲ್ಲವೂ ಗೊತ್ತಿದ್ದವು. ‘ಮೊದಲ ಕಂತು ಬಿಡುಗಡೆಯಾಗಿದೆ, ಬಂದಿರುವ ಓಟಿಪಿ ಹೇಳಿ’ ಎಂದನಂತೆ. ಅವರು ಹೇಳಲಿಲ್ಲ. ಆದರೆ ಅನಂತರ ರಾತ್ರಿ ಹೊತ್ತಿನಲ್ಲಿಯೂ ಅಪರಿಚಿತ ಕರೆಗಳು ಬರತೊಡಗಿದವು. ಕಚೇರಿಗೆ ಬಂದು ಅವರು ಜೋರು ಮಾಡಲಿಲ್ಲ. ‘ಸಾರ್, ನಾನು ನಂಬರ್ ಕೊಟ್ಟಿದ್ದು ನಿಮಗೆ, ಊರಿಗಲ್ಲ’ ಎಂದಷ್ಟೇ ಹೇಳಿ ಹೊರಟರು. ತಿಂಗಳೊಳಗೆ ಅವರು ಸಂಖ್ಯೆಯನ್ನೇ ಬದಲಿಸಬೇಕಾಯಿತು. ಆಧಾರ್ ಕೇಂದ್ರಕ್ಕೆ ಒಂದು ದಿನ, ಬ್ಯಾಂಕಿಗೆ ಒಂದು ದಿನ, ಎರಡೂ ದಿನದ ಕೂಲಿ ನಷ್ಟ. ನನ್ನ ಒಂದು ಅಜಾಗರೂಕತೆಯ ಬೆಲೆಯನ್ನು ಅವರು ತೆತ್ತರು.

ಸಂಖ್ಯೆಯ ಹಿಂದಿರುವುದು

ಮೊಬೈಲ್ ಸಂಖ್ಯೆ ಇಂದು ಮಾತನಾಡುವ ಸಾಧನ ಮಾತ್ರವಲ್ಲ. ಆಧಾರ್, ಬ್ಯಾಂಕ್ ಖಾತೆ, ಯುಪಿಐ, ಪಿಂಚಣಿ, ಇ-ಮೇಲ್ ಇವೆಲ್ಲವುಗಳ ಬಾಗಿಲು ತೆರೆಯುವ ಓಟಿಪಿ ಬರುವುದು ಅದೇ ಹತ್ತು ಅಂಕಿಗೆ. ಒಂದೇ ಕೊಂಡಿ ಕಳಚಿದರೆ ಇಡೀ ವ್ಯವಸ್ಥೆ ನಿಲ್ಲುವಂತಿದ್ದರೆ ಆ ವಿನ್ಯಾಸವೇ ದೋಷಪೂರ್ಣವೆಂದು ಎಂಜಿನಿಯರಿಂಗ್ ತರಗತಿಯಲ್ಲಿ ಕಲಿತಿದ್ದೆ. ನಮ್ಮಲ್ಲಿ ಬಹುತೇಕರ ಬದುಕು ಈಗ ಅಂಥ ಒಂದೇ ಕೊಂಡಿಗೆ ನೇತುಬಿದ್ದಿದೆ. ಆ ಸಂಖ್ಯೆಯನ್ನೇ ನಾವು ನೀರಿನ ಟ್ಯಾಂಕಿನ ಗೋಡೆಯ ಮೇಲೂ ಬರೆಸಿರುತ್ತೇವೆ.

ಆದುದರಿಂದ ಮೊದಲ ಸಲಹೆ: ಎರಡು ಸಂಖ್ಯೆಗಳಿರಲಿ. ಒಂದು ಆಧಾರ್, ಬ್ಯಾಂಕ್ ಮತ್ತು ಓಟಿಪಿಗೆ ಮೀಸಲು. ಅದು ಮನೆಯವರಿಗೆ ಹೊರತು ಬೇರೆಯವರಿಗೆ ತಿಳಿಯಬೇಕಾಗಿಲ್ಲ. ಇನ್ನೊಂದು ಊರಿಗೆಲ್ಲ ಕೊಡುವಂಥದ್ದು. ‘ಎರಡು ರೀಚಾರ್ಜ್ ಯಾರು ಮಾಡಿಸುತ್ತಾರೆ?’ ಎಂಬ ಪ್ರಶ್ನೆ ಸಹಜ. ಇದಕ್ಕೆ ಲೆಕ್ಕದಲ್ಲಿಯೇ ಉತ್ತರವಿದೆ.

ಹದಿಮೂರು ತಿಂಗಳ ವರ್ಷ

28 ದಿನಗಳ ಯೋಜನೆಯನ್ನು ನಾವು ‘ತಿಂಗಳ ಪ್ಯಾಕ್’ ಎನ್ನುತ್ತೇವೆ. 365ನ್ನು 28ರಿಂದ ಭಾಗಿಸಿದರೆ 13 ಬರುತ್ತದೆ. ಅಂದರೆ ವರ್ಷಕ್ಕೆ ಒಂದು ತಿಂಗಳ ಹಣವನ್ನು ಹೆಚ್ಚಾಗಿ ಕಟ್ಟುತ್ತಿದ್ದೇವೆ. ಈ ಕಾರಣಕ್ಕೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2022ರ ಜನವರಿಯಲ್ಲಿ ಆದೇಶ ಹೊರಡಿಸಿ, ಪ್ರತಿ ಕಂಪನಿಯೂ 30 ದಿನಗಳ ಒಂದು ಯೋಜನೆಯನ್ನೂ, ಪ್ರತಿ ತಿಂಗಳು ಅದೇ ದಿನಾಂಕಕ್ಕೆ ನವೀಕರಣವಾಗುವ ಒಂದು ಯೋಜನೆಯನ್ನೂ ಕಡ್ಡಾಯವಾಗಿ ನೀಡಬೇಕೆಂದಿತು. ಅಂಗಡಿಯಲ್ಲಿ ಕೇಳಿದರೆ ಮಾತ್ರ ಇವು ಸಿಗುತ್ತವೆ; ಕೇಳದಿದ್ದರೆ 28 ದಿನದ್ದನ್ನೇ ಹಾಕುತ್ತಾರೆ.

2024ರ ಜುಲೈ ಮೊದಲ ವಾರದಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದ ಮೇಲೆ, ಕೇವಲ ಮಾತಿಗಾಗಿ ಫೋನ್ ಇಟ್ಟುಕೊಂಡ ವೃದ್ಧರೂ ಬೇಡದ ಡೇಟಾಗೆ ಹಣ ತೆರುವಂತಾಯಿತು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ತಿದ್ದುಪಡಿ ಮಾಡಿ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಯೋಜನೆಯನ್ನು ಪ್ರತ್ಯೇಕವಾಗಿ ನೀಡುವುದನ್ನು ಕಡ್ಡಾಯಗೊಳಿಸಿತು. ವಿಶೇಷ ವೋಚರುಗಳ ಗರಿಷ್ಠ ಅವಧಿಯನ್ನು 90 ದಿನಗಳಿಂದ 365 ದಿನಗಳಿಗೆ ವಿಸ್ತರಿಸಿತು. 2025ರ ಜನವರಿಯಲ್ಲಿ ಇದರಂತೆ ಬಂದ ಯೋಜನೆಗಳಲ್ಲಿ ಏರ್‌ಟೆಲ್‌ನದು 365 ದಿನಗಳಿಗೆ ₹1,849, ಜಿಯೋದ್ದು 336 ದಿನಗಳಿಗೆ ₹1,748 ಆಗಿತ್ತು. ದಿನಕ್ಕೆ ಐದು ರೂಪಾಯಿಯ ಆಸುಪಾಸು. ಅದೇ ಕಾಲದಲ್ಲಿ 28 ದಿನಗಳ ₹199ರ ಯೋಜನೆಯನ್ನು 13 ಬಾರಿ ಹಾಕಿಸಿದರೆ ₹2,587 ಆಗುತ್ತಿತ್ತು. ದರಗಳು ಬದಲಾಗುತ್ತಿರುತ್ತವೆ, ಹಾಕಿಸುವ ದಿನ ಲೆಕ್ಕ ಮಾಡಿ ನೋಡಿ. ಭಾಗಿಸುವ ಕ್ರಮ ಮಾತ್ರ ಬದಲಾಗದು: ಮೊತ್ತವನ್ನು ದಿನಗಳಿಂದ ಭಾಗಿಸಿ, ದಿನದ ದರವನ್ನು ಹೋಲಿಸಿ.

ಓಟಿಪಿಯ ಸಂಖ್ಯೆಗೆ ಇಂಥ ಕರೆ-ಎಸ್‌ಎಂಎಸ್ ಯೋಜನೆ ಹಾಕಿಸಿ, ಮನೆಯ ಹಳೆಯ ಕೀಪ್ಯಾಡ್ ಫೋನಿನಲ್ಲಿ ಇರಿಸುವುದು ನನ್ನ ಕ್ರಮ. ಅಪರಿಚಿತ ಕೊಂಡಿ ಒತ್ತಿ ಹಾಳಾಗಲು ಆ ಫೋನಿನಲ್ಲಿ ಏನೂ ಇಲ್ಲ.

ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಅವಕಾಶವೂ ಇದೆ. ‘ಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಸ್ವಲ್ಪ ಜಾಗ ಬಿಟ್ಟು, ಹತ್ತು ಅಂಕಿಗಳ ಸಂಖ್ಯೆ ಬರೆದು 1900ಕ್ಕೆ ಎಸ್‌ಎಂಎಸ್ ಕಳುಹಿಸಿದರೆ ಎಂಟು ಅಕ್ಷರಗಳ ಸಂಕೇತ ಬರುತ್ತದೆ. ಅದು ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಪೂರೈಸಿರಬೇಕು. ನಮ್ಮ ಹಳ್ಳಿಗಳಲ್ಲಿ ಸಿಗ್ನಲ್ ಯಾವುದಕ್ಕಿದೆಯೆಂಬುದನ್ನು ನೀರುಗಂಟಿಯನ್ನು ಕೇಳಿದರೆ ನಿಖರ ಉತ್ತರ ಸಿಗುತ್ತದೆ. ಜಾಹೀರಾತಿಗಿಂತ ಅವರ ಮಾತು ವಿಶ್ವಾಸಾರ್ಹ.

ಬಿಟ್ಟ ಸಂಖ್ಯೆ ಎಲ್ಲಿಗೆ ಹೋಗುತ್ತದೆ

ರೀಚಾರ್ಜ್ ಮಾಡಿಸದೆ ಬಿಟ್ಟ ಸಂಖ್ಯೆ ಸ್ಥಗಿತಗೊಂಡ ಮೇಲೆ ಕನಿಷ್ಠ 90 ದಿನ ಯಾರಿಗೂ ಹಂಚಿಕೆಯಾಗುವುದಿಲ್ಲ. ಅನಂತರ ಅದು ಮತ್ತೊಬ್ಬರ ಪಾಲಾಗಬಹುದು. ಹಾಗಾದಾಗ ಹಳೆಯ ಮಾಲೀಕರ ಬ್ಯಾಂಕಿನ ಓಟಿಪಿ ಹೊಸಬರ ಫೋನಿಗೆ ಹೋಗುವ ಸಾಧ್ಯತೆ ಉಂಟು. ಇದನ್ನು ತಡೆಯಲೆಂದೇ, ರದ್ದಾದ ಹಾಗೂ ಮರುಹಂಚಿಕೆಯಾದ ಸಂಖ್ಯೆಗಳ ಮಾಹಿತಿಯನ್ನು ವಾರಕ್ಕೊಮ್ಮೆಯಾದರೂ ಪರಿಷ್ಕರಿಸಿಕೊಳ್ಳುವಂತೆ ರಾಷ್ಟ್ರೀಯ ಪಾವತಿ ನಿಗಮವು ಬ್ಯಾಂಕುಗಳಿಗೆ ಹಾಗೂ ಯುಪಿಐ ಆ್ಯಪ್‌ಗಳಿಗೆ 2025ರಲ್ಲಿ ಸೂಚಿಸಿತು. ಆದರೂ ಪಿಂಚಣಿದಾರರ ಸಂಖ್ಯೆ ತಪ್ಪಿದ್ದರೆ ಕೊನೆಗೆ ಅಲೆಯುವವರು ಅವರೇ.

ಸಂಖ್ಯೆ ಬದಲಿಸಲೇಬೇಕಾದಾಗ ಕ್ರಮ ಮುಖ್ಯ. ಹಳೆಯ ಸಿಮ್ ಜೀವಂತವಿರುವಾಗಲೇ ಮೊದಲು ಆಧಾರ್, ಬಳಿಕ ಬ್ಯಾಂಕ್, ಆಮೇಲೆ ಯುಪಿಐ, ಇ-ಮೇಲ್, ಪಡಿತರ ಚೀಟಿ, ವಾಟ್ಸ್‌ಆ್ಯಪ್. ವಾಟ್ಸ್‌ಆ್ಯಪ್‌ನಲ್ಲಿ ‘ಸಂಖ್ಯೆ ಬದಲಿಸಿ’ ಎಂಬ ಆಯ್ಕೆಯೇ ಇದೆ. ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಿಸುವ ಕೆಲಸವನ್ನು ಅಂಚೆ ಪಾವತಿ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಸಹ ಮಾಡಿಕೊಡುತ್ತಾರೆ. 2021ರಲ್ಲಿ ಆರಂಭವಾದ ಈ ಸೇವೆಯ ಅರಿವು ಗ್ರಾಮಗಳಲ್ಲಿ ಕಡಿಮೆ.

ತಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ನಮ್ಮ ರಾಜ್ಯದಲ್ಲಿ ಒಬ್ಬರಿಗೆ ಗರಿಷ್ಠ 9. ನಮ್ಮದಲ್ಲದ ಸಂಖ್ಯೆ ಕಂಡರೆ ಅಲ್ಲಿಯೇ ವರದಿ ಮಾಡಬಹುದು. ಕಳೆದುಹೋದ ಫೋನನ್ನು ನಿರ್ಬಂಧಿಸುವ ವ್ಯವಸ್ಥೆಯೂ ಅಲ್ಲಿದೆ. ಅರಿವು ಕೇಂದ್ರದ ಮೇಲ್ವಿಚಾರಕರು ವಾರಕ್ಕೆ ಒಂದು ಮಧ್ಯಾಹ್ನ ಇದನ್ನು ಜನರಿಗೆ ಮಾಡಿ ತೋರಿಸಿದರೆ ಉಪಕಾರವಾಗುತ್ತದೆ.

ಕಾರ್ಡು ಮತ್ತು ಇನ್‌ಲ್ಯಾಂಡ್ ಪತ್ರ

ಟಪಾಲು ಬಟವಾಡೆಯ ಮಾತು ಬಂದಾಗಲೆಲ್ಲ ನನಗೆ ನಮ್ಮ ಬಡಾವಣೆಯ ಹೆಸರು ನೆನಪಾಗುತ್ತದೆ. 50 ಪೈಸೆಯ ಕಾರ್ಡನ್ನು ದಾರಿಯಲ್ಲಿರುವ ಯಾರಾದರೂ ಓದಬಹುದು, ₹2.50ರ ಇನ್‌ಲ್ಯಾಂಡ್ ಪತ್ರವನ್ನು ಒಡೆದೇ ಓದಬೇಕು. ಎಸ್‌ಎಂಎಸ್ ಕಾರ್ಡಿನಂತೆ. ವಾಟ್ಸ್‌ಆ್ಯಪ್ ಸಂದೇಶಗಳು 2016ರಿಂದ ಎರಡೂ ತುದಿಗಳ ನಡುವೆ ಗೂಢಲಿಪಿಯಲ್ಲಿ ಸಾಗುವುದರಿಂದ ಇನ್‌ಲ್ಯಾಂಡ್ ಪತ್ರದಂತೆ. ಆದರೆ ಆ ಪತ್ರವನ್ನು ಮುನ್ನೂರು ಜನರ ಮುಂದೆ ಬಿಡಿಸಿ ಹಿಡಿದರೆ ಮುಚ್ಚಳಿಕೆಯಿಂದ ಏನು ಪ್ರಯೋಜನ? ನನ್ನ ಪ್ರಕರಣದಲ್ಲಿ ಆದದ್ದು ಅದೇ. ತಂತ್ರಾಂಶದಲ್ಲಿ ಲೋಪವಿರಲಿಲ್ಲ, ಗುಂಪಿಗೆ ಹಾಕಿದ ಕೈಯಲ್ಲಿತ್ತು.

ಗುಂಪಿನ ಸ್ವಭಾವವನ್ನು ತಿಳಿಯಬೇಕು. ಗುಂಪಿಗೆ ಸೇರಿದೊಡನೆ ನಮ್ಮ ಸಂಖ್ಯೆ ಉಳಿದೆಲ್ಲ ಸದಸ್ಯರಿಗೆ ಕಾಣುತ್ತದೆ. ನೀರು ಬಿಡುವ ಸಮಯ, ತೆರಿಗೆ ವಸೂಲಿ ಶಿಬಿರ, ಗ್ರಾಮಸಭೆಯ ದಿನಾಂಕ ಇಂಥ ಏಕಮುಖ ಮಾಹಿತಿಗೆ ಗುಂಪೇ ಬೇಕಾಗಿಲ್ಲ. 2023ರ ಸೆಪ್ಟೆಂಬರ್‌ನಿಂದ ಭಾರತದಲ್ಲಿರುವ ‘ಚಾನೆಲ್’ ಸೌಲಭ್ಯದಲ್ಲಿ ಅನುಸರಿಸುವವರ ಸಂಖ್ಯೆ ಪರಸ್ಪರರಿಗೆ ಕಾಣುವುದಿಲ್ಲ, ‘ಗುಡ್ ಮಾರ್ನಿಂಗ್’ ಹೂವುಗಳ ಕಾಟವೂ ಇಲ್ಲ. ನಾವು ಬದಲಾಯಿಸಿಕೊಂಡೆವು. ಕೆಲವು ಸದಸ್ಯರು ಬೇಸರಪಟ್ಟರು. ‘ನಮ್ಮ ಮಾತಿಗೆ ಜಾಗವೆಲ್ಲಿ?’ ಎಂದರು. ಅವರ ಆಕ್ಷೇಪದಲ್ಲಿ ಅರ್ಥವಿದೆ. ಅಹವಾಲಿಗಾಗಿ ಕಚೇರಿಯ ಪ್ರತ್ಯೇಕ ಸಂಖ್ಯೆಯಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಉಚಿತ ಆ್ಯಪ್ ಅಳವಡಿಸಿ, ಕಚೇರಿ ವೇಳೆಯ ನಂತರ ತಾನಾಗಿ ಉತ್ತರ ಹೋಗುವಂತೆ ಮಾಡಿದೆವು.

ವೈಯಕ್ತಿಕ ಖಾತೆಯಲ್ಲಿ ಮೂರು ಬದಲಾವಣೆ ಇಂದೇ ಮಾಡಿಕೊಳ್ಳಿ. ಆರು ಅಂಕಿಗಳ ಎರಡು-ಹಂತದ ಪಿನ್ ಇಡಿ; ಓಟಿಪಿ ಕದ್ದರೂ ಅದು ತಡೆಯುತ್ತದೆ. ನಿಮ್ಮನ್ನು ಗುಂಪಿಗೆ ಸೇರಿಸುವ ಅಧಿಕಾರವನ್ನು ‘ನನ್ನ ಸಂಪರ್ಕಗಳು’ ಎಂಬುದಕ್ಕೆ ಸೀಮಿತಗೊಳಿಸಿ. ಚಾಟ್ ಬ್ಯಾಕಪ್‌ಗೂ ಗೂಢಲಿಪಿ ರಕ್ಷಣೆ ಆನ್ ಮಾಡಿ, ಏಕೆಂದರೆ ಅದು ತಾನಾಗಿಯೇ ಆನ್ ಆಗಿರುವುದಿಲ್ಲ. ಬ್ಯಾಕಪ್‌ನ ಗುಪ್ತಪದವನ್ನು ಮರೆತರೆ ಯಾರೂ ಮರಳಿ ಕೊಡಲಾರರು; ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಹೆಚ್ಚಿನ ಗೋಪ್ಯತೆ ಬೇಕಾದವರಿಗೆ ಸಿಗ್ನಲ್ ಆ್ಯಪ್ ಉಚಿತವಾಗಿದೆ. ಅದರಲ್ಲಿ 2024ರಿಂದ ಸಂಖ್ಯೆಯ ಬದಲು ಬಳಕೆದಾರರ ಹೆಸರು ಕೊಟ್ಟು ಸಂಪರ್ಕಿಸಬಹುದು. ಆದರೆ ನಮ್ಮೂರಿನ ಯಾರೂ ಅದರಲ್ಲಿಲ್ಲ ಎಂಬುದು ಅದರ ಮಿತಿ.

ಇ-ಮೇಲ್

ಇ-ಮೇಲ್ ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಉಚಿತ ಜಿಮೇಲ್ ಖಾತೆಯಲ್ಲಿ 15 ಜಿಬಿ ಜಾಗವಿದ್ದು, ಫೋಟೊ ಮತ್ತು ಆಂಡ್ರಾಯ್ಡ್ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಅದರೊಳಗೇ ಸೇರುತ್ತವೆ. ಗುಂಪುಗಳ ವಿಡಿಯೊಗಳನ್ನು ಅಳಿಸಿದರೆ ಜಾಗಕ್ಕೆ ಹಣ ಕೊಡುವ ಪ್ರಮೇಯ ಬಾರದು. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದಾದುದರಿಂದ ಆಗಾಗ ತೆರೆಯಿರಿ. ಎರಡು-ಹಂತದ ಪರಿಶೀಲನೆ ಹಾಕಿದಾಗ ಸಿಗುವ ಹತ್ತು ಬ್ಯಾಕಪ್ ಸಂಕೇತಗಳನ್ನು ಮುದ್ರಿಸಿಟ್ಟುಕೊಳ್ಳಿ. ಸಿಮ್ ಕಳೆದ ದಿನ ಅವೇ ಗತಿ.

ನಿಜವಾದ ಸೋರಿಕೆ ಜೆರಾಕ್ಸ್ ಅಂಗಡಿಯಲ್ಲಿದೆ. ಆಧಾರ್, ಪಾಸ್‌ಬುಕ್‌ಗಳನ್ನು ಅಂಗಡಿಯ ವಾಟ್ಸ್‌ಆ್ಯಪ್‌ಗೆ ಕಳುಹಿಸಿ ಮುದ್ರಿಸಿಕೊಳ್ಳುವುದು ವಾಡಿಕೆ. ಆ ಕಡತ ಅಲ್ಲೇ ಉಳಿಯುತ್ತದೆ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಈ ಬಗ್ಗೆ ಎಚ್ಚರಿಕೆ ನೀಡಿ, ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಬಳಸುವಂತೆ ತಿಳಿಸಿತ್ತು. ತಪ್ಪು ತಿಳಿವಳಿಕೆಗೆ ಎಡೆಯಾದೀತೆಂದು ಎರಡೇ ದಿನಕ್ಕೆ ಆ ಪ್ರಕಟಣೆಯನ್ನು ಹಿಂಪಡೆಯಲಾಯಿತು. ಆದರೆ ಮರೆಮಾಡಿದ ಆಧಾರ್ ಸೌಲಭ್ಯ ಇಂದಿಗೂ ಇದೆ, ಉಚಿತವಾಗಿಯೇ ಪಡೆಯಬಹುದು.

ಪರರ ಸಂಖ್ಯೆ ನಮ್ಮ ಕೈಯಲ್ಲಿ

‘ಪಾರದರ್ಶಕತೆಗಾಗಿ ಪಟ್ಟಿ ಪ್ರಕಟಿಸಬೇಕಲ್ಲವೇ?’ ಎಂದು ನಾನೂ ಆಗ ಸಮಜಾಯಿಷಿ ಹುಡುಕಿದ್ದೆ. ಮಾಹಿತಿ ಹಕ್ಕು ಅಧಿನಿಯಮ 2005ರ 4ನೇ ಪ್ರಕರಣದಂತೆ ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರವನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸಬೇಕು, ನಿಜ. ಯಾರಿಗೆ ಏನು ಸಿಕ್ಕಿತೆಂದು ಊರು ತಿಳಿಯಲು ಹೆಸರು, ಗ್ರಾಮ, ಯೋಜನೆ, ಮೊತ್ತ ಸಾಕು. ಫೋನ್ ಸಂಖ್ಯೆಯಿಂದ ಪಾರದರ್ಶಕತೆ ಎಳ್ಳಷ್ಟೂ ಹೆಚ್ಚುವುದಿಲ್ಲ. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದನ್ನು ಆಧಾರ್ ಅಧಿನಿಯಮ 2016ರ 29(4)ನೇ ಪ್ರಕರಣ ನಿಷೇಧಿಸುತ್ತದೆ.

ಖಾಸಗಿತನ ಪಟ್ಟಣದವರ ಚಿಂತೆಯೆಂದು ಕೆಲವರ ಭಾವನೆ. ಆ ಹಕ್ಕಿಗಾಗಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಪಿತ್ತಿತು. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಹಿಂದೆಯೂ ಈ ತೀರ್ಪಿದೆ. ಕಚೇರಿಗೆ ಬಂದು ‘ನಂಬರ್ ಕೊಟ್ಟಿದ್ದು ನಿಮಗೆ’ ಎಂದ ಆ ಮಹಿಳೆ ಈ ತೀರ್ಪನ್ನು ಓದಿರಲಾರರು, ಹೇಳಿದ್ದು ಅದನ್ನೇ.

ಈಗ ನಮ್ಮಲ್ಲಿ ಪಟ್ಟಿಯ ಎರಡು ಪ್ರತಿ ಸಿದ್ಧವಾಗುತ್ತವೆ. ನಾಲ್ಕು ಕಾಲಂಗಳದ್ದು ಸೂಚನಾ ಫಲಕಕ್ಕೆ. ಪೂರ್ಣ ಪ್ರತಿ ಕಚೇರಿಯ ಗಣಕಯಂತ್ರದಲ್ಲಿ ಗುಪ್ತಪದದೊಂದಿಗೆ. ಕಾಲಂ ಅಡಗಿಸಿ ಕಳುಹಿಸಬೇಡಿ, ಪಡೆದವರು ಮತ್ತೆ ತೆರೆಯಬಲ್ಲರು. ಅಳಿಸಿ, ಪಿಡಿಎಫ್ ಮಾಡಿ ಕಳುಹಿಸಿ. ಯಾರಾದರೂ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿಸಿ; ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕಡೆಯದಾಗಿ ವರ್ಗಾವಣೆಯ ವಿಷಯ. ಕಾರ್ಯಭಾರ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿ, ನಗದು ಪುಸ್ತಕ, ಚೆಕ್ ಪುಸ್ತಕ ಇರುತ್ತವೆ. ಕಚೇರಿಯ ಸಿಮ್, ಇ-ಮೇಲ್ ಖಾತೆಯ ಮರುಪಡೆಯುವ ಸಂಖ್ಯೆ, ಚಾನೆಲ್‌ನ ನಿರ್ವಾಹಕ ಹಕ್ಕು ಇವನ್ನೂ ಅದೇ ಪಟ್ಟಿಗೆ ಸೇರಿಸಿ. ನಾನು ಹಿಂದಿನ ಪಂಚಾಯಿತಿಯನ್ನು ಬಿಡುವಾಗ ಇದನ್ನು ಮಾಡಲಿಲ್ಲ. ಅಲ್ಲಿನ ನೀರಿನ ಟ್ಯಾಂಕಿನ ಗೋಡೆಯ ಮೇಲೆ ನನ್ನ ವೈಯಕ್ತಿಕ ಸಂಖ್ಯೆ ಇನ್ನೂ ಇದೆ. ಮೋಟಾರ್ ಸುಟ್ಟರೆ ಇಂದಿಗೂ ಬೆಳಗಿನ ಆರು ಗಂಟೆಗೆ ನನಗೇ ಕರೆ ಬರುತ್ತದೆ. ಈಗಿನ ಅಧಿಕಾರಿಯ ಕಚೇರಿ ಸಂಖ್ಯೆಯನ್ನು ಹೇಳಿ, ಬಣ್ಣ ಹೊಡೆಸಲು ಮತ್ತೊಮ್ಮೆ ಕೋರಿಕೊಂಡಿದ್ದೇನೆ.