ಆಪ್ತಸಮಾಲೋಚಕರ ವೃತ್ತಿ ಮತ್ತು ಭವಿಷ್ಯ ನಿಧಿಯ ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳನ್ನೊಳಗೊಂಡ ಸುಣ್ಣದಕಲ್ಲಿನ ಸೀಮೆಯಲ್ಲಿ, ಸಿಮೆಂಟ್ ಕಾರ್ಖಾನೆಯ ಖಾಯಂ ನೌಕರಿ ಬಿಟ್ಟು ನಡುವಯಸ್ಸಿನಲ್ಲಿ ಆಪ್ತಸಮಾಲೋಚಕರಾಗಬೇಕೆನ್ನುವವರು, ಅಂದರೆ ಮನಸ್ಸಿನ ತೊಳಲಾಟವಿರುವವರಿಗೆ ಮಾತಿನ ಮೂಲಕ ನೆರವಾಗುವ ವೃತ್ತಿಯನ್ನು ಹಿಡಿಯಬಯಸುವವರು, ಮೊದಲು ವಿಚಾರಿಸುವುದು ಕೋರ್ಸಿನ ಶುಲ್ಕವನ್ನು. ಆದರೆ ಈ ನಿರ್ಧಾರದಲ್ಲಿ ಶುಲ್ಕವು ದೊಡ್ಡ ಖರ್ಚೇ ಅಲ್ಲ.

ಪಾಳಿಯ ಕೆಲಸ ಮಾಡುತ್ತಲೇ ಅಂಚೆ ಮೂಲಕ ಓದುವ ದಾರಿ ಈಗ ಉಳಿದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2025ರ ಜುಲೈ–ಆಗಸ್ಟ್ ಪ್ರವೇಶಾವಧಿಯಿಂದ ಮನೋವಿಜ್ಞಾನವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಬೋಧಿಸುವುದನ್ನು ನಿಲ್ಲಿಸಿದೆ. ಹೀಗಾಗಿ ಆ ವಿಷಯದ ಸ್ನಾತಕೋತ್ತರ ಪದವಿಗೆ ಎರಡು ವರ್ಷ ತರಗತಿಯಲ್ಲಿ ಕೂರಲೇಬೇಕು. ಶಹಾಬಾದ್, ವಾಡಿಯವರಿಗೆ ಕಲಬುರಗಿಗೆ ಹೋಗಿಬರಲು ರೈಲಾದರೂ ಇದೆ; ರೈಲು ಮಾರ್ಗವೇ ಇಲ್ಲದ ಚಿಂಚೋಳಿಯವರು ಬಾಡಿಗೆ ಕೋಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಿಂಗಳಿಗೆ 35,000 ರೂಪಾಯಿ ಸಂಬಳದವರು 24 ತಿಂಗಳಲ್ಲಿ ಕಳೆದುಕೊಳ್ಳುವುದು 8,40,000 ರೂಪಾಯಿ.

ಆ ಅವಧಿಯ ಸಂಸಾರ ಸಾಗಿಸಲು ಬಹುತೇಕರು ಕೈಹಾಕುವುದು ಭವಿಷ್ಯ ನಿಧಿಗೆ, ಅಂದರೆ ನೌಕರ ಮತ್ತು ಮಾಲೀಕ ಇಬ್ಬರೂ ಪ್ರತಿ ತಿಂಗಳು ತುಂಬುವ ಪಿಎಫ್ ಹಣಕ್ಕೆ. ಈ ಅಂಕಣಕಾರರ ಮನೆಯಲ್ಲಿಯೂ ಇದೇ ಉದ್ದೇಶಕ್ಕೆ, ನಲವತ್ತನೆಯ ವಯಸ್ಸಿನಲ್ಲಿ, 6 ಲಕ್ಷ ರೂಪಾಯಿ ತೆಗೆಯಲಾಯಿತು. ಆ ಹಣಕ್ಕೆ 2024–25ರ ದರವಾದ ಶೇ. 8.25ರಂತೆ ಮೊದಲ ವರ್ಷ ಸಿಗುತ್ತಿದ್ದ ಬಡ್ಡಿ 49,500 ರೂಪಾಯಿ ಮಾತ್ರ, ಆದ್ದರಿಂದ ನಷ್ಟ ಸಣ್ಣದೆಂದು ತೋರುತ್ತದೆ. ಆದರೆ ಬಡ್ಡಿಗೂ ಬಡ್ಡಿ ಸೇರುವ ಚಕ್ರಬಡ್ಡಿಯಲ್ಲಿ, ದರ ಬದಲಾಗದೆ ಉಳಿದರೆ, ಮೊತ್ತವು ಒಂಬತ್ತು ವರ್ಷಕ್ಕೆ ಸುಮಾರು 12.25 ಲಕ್ಷವಾಗಿ, ಮುಂದಿನ ಒಂಬತ್ತು ವರ್ಷಕ್ಕೆ, ಅಂದರೆ 58ನೆಯ ವಯಸ್ಸಿಗೆ, ಸುಮಾರು 25 ಲಕ್ಷ ಮುಟ್ಟುತ್ತದೆ. ಮೊದಲ ಅವಧಿಯಲ್ಲಿ ಬೆಳೆಯುವುದು 6.25 ಲಕ್ಷ, ಎರಡನೆಯದರಲ್ಲಿ 12.75 ಲಕ್ಷ. ನೌಕರಿ ಬಿಟ್ಟ ಮೇಲಿನ ಬಡ್ಡಿಗೆ ತೆರಿಗೆಯಿದೆಯಾದರೂ ಲೆಕ್ಕದ ದಿಕ್ಕು ಅದರಿಂದ ಬದಲಾಗದು. ಮದುವೆಗೂ ಪಿಎಫ್, ಮನೆಯ ಸ್ಲ್ಯಾಬಿಗೂ ಪಿಎಫ್ ಎನ್ನುವ ಈ ಭಾಗದ ರೂಢಿಯೇ ಮುಪ್ಪನ್ನು ಬರಿಗೈ ಮಾಡುತ್ತಿದೆ.

ಕೆಲವೇ ತಿಂಗಳಲ್ಲಿ ‘ಸರ್ಟಿಫೈಡ್ ಕೌನ್ಸೆಲರ್’ ಮಾಡುವೆವೆಂದು ‘ನೋ ಕಾಸ್ಟ್ ಇಎಂಐ’ ಮೇಲೆ ಮಾರಲಾಗುವ ಡಿಪ್ಲೊಮಾಗಳ ಬಗ್ಗೆ ಹೆಚ್ಚು ಹೇಳುವುದೇ ವ್ಯರ್ಥ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಹೇಳಿತ್ತು. ಬಡ್ಡಿಯು ಬೆಲೆಯೊಳಗೇ ಅಡಗಿರುತ್ತದೆ. ಇಂಥ ಪ್ರಮಾಣಪತ್ರ ಹಿಡಿದವರು, 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುವ ಚಿಕಿತ್ಸಾ ಮನೋವಿಜ್ಞಾನಿಗಳೂ ಆಗುವುದಿಲ್ಲ.

ಗಳಿಕೆಯ ವಿಷಯವೂ ನಿಧಾನದ್ದು. ಸರ್ಕಾರಿ ಆಸ್ಪತ್ರೆಗಳ ಆಪ್ತಸಮಾಲೋಚಕ ಹುದ್ದೆಗಳು ಬಹುಮಟ್ಟಿಗೆ ಗುತ್ತಿಗೆಯವು. 2022ರಿಂದ 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿ ಸಮಾಲೋಚನೆ ಸೇವೆ ಉಚಿತವಾಗಿ ಸಿಗುತ್ತಿರುವಾಗ ಸೇಡಂನಂಥ ಊರಿನಲ್ಲಿ ಗಂಟೆಗಿಷ್ಟೆಂದು ಹಣ ಕೊಡುವವರು ಕೂಡಲೇ ಸಿಗಲಾರರು. ಹಾಗೆಂದು, ಸಿಮೆಂಟ್ ಕಾರ್ಖಾನೆ ಮುಚ್ಚಿದ್ದನ್ನು ಕಂಡ ಶಹಾಬಾದಿನವರಿಗೆ ಖಾಯಂ ನೌಕರಿಯ ಹಿರಿಮೆಯನ್ನು ಬೋಧಿಸುವಂತೆಯೂ ಇಲ್ಲ. ನಿಧಿಯನ್ನು ಮುಟ್ಟದೆ ಎರಡು ವರ್ಷದ ಖರ್ಚನ್ನು ಬೇರೆಯಾಗಿ ಕೂಡಿಟ್ಟವರು ಹೊರಡಬಹುದು, ಉಳಿದವರು ಕಾಯುವುದೇ ಲೇಸು. ಹತ್ತು ವರ್ಷದ ಸೇವೆ ಪೂರೈಸಿ ಹೊರಡುವವರು ಭವಿಷ್ಯ ನಿಧಿ ಕಚೇರಿಗೆ ನಮೂನೆ 10-ಸಿ ಸಲ್ಲಿಸಿ, ಪಿಂಚಣಿಯ ಹಕ್ಕನ್ನು ಉಳಿಸುವ ಯೋಜನಾ ಪ್ರಮಾಣಪತ್ರವನ್ನು ಪಡೆದಿಟ್ಟುಕೊಳ್ಳಬೇಕು.